ಅರ್ಧ ಹೊಟ್ಟೆಯ ದೊಡ್ಡಪ್ಪ ಬರೆದದ್ದು

ಅಮ್ಮಣ್ಣಿ,

ಶಿವರಾತ್ರಿ ಜಾತ್ರೆಯಲ್ಲಿ ನೀನು ತೇರಿಗೆ ಬಾಳೆಹಣ್ಣು ಎಸೆದು ಬಂದು, ಅರವಂಟಿಗೆಯವರು ಕೊಟ್ಟ ಬೆಲ್ಲದ ಪಾನಕವನ್ನು ಒಂದೇ ಉಸಿರಿಗೆ ಕುಡಿದೆಯಲ್ಲ, ಅದಾಗಿ ಕಾಲು ಗಂಟೆಯೂ ಆಗಿರಲಿಲ್ಲ. ರಾಮಲಿಂಗೇಶ್ವರನ ಗುಡಿಯ ಗೋಡೆಗೆ ಒರಗಿ ಕೂತುಬಿಟ್ಟೆ. ಹಣೆಯಿಂದ ಬೆವರು ತೊಟ್ಟಿಕ್ಕುತ್ತಿತ್ತು. ಕುತ್ತಿಗೆಯ ನರ ಹೊಡೆದುಕೊಳ್ಳುವುದು ಮಾರು ದೂರದಲ್ಲಿ ನಿಂತ ನನಗೂ ಕಾಣುತ್ತಿತ್ತು. ಹೊಟ್ಟೆ ಹಿಡಿದುಕೊಂಡು ‘ಮಲಗಬೇಕು’ ಅಂದೆ. ಮನೆಗೆ ಕರೆತಂದ ಮೇಲೆ ನಿಮ್ಮಮ್ಮ ಉಪ್ಪು ಮೆಣಸಿನಕಾಯಿ ನೀವಾಳಿಸಿ ಒಲೆಗೆ ಹಾಕಿದಳು. ಘಾಟು ಬರಲಿಲ್ಲ, ದೃಷ್ಟಿ ಜೋರಾಗೇ ತಾಗಿದೆ ಅಂದಳು. ಪಕ್ಕದ ಮನೆಯವರು ಬಿಸಿಲು ಅಂದರು. ನಿಮ್ಮ ದೊಡ್ಡಮ್ಮ ಮಾತ್ರ ಏನೂ ಅನ್ನದೆ ನನ್ನ ಮುಖ ನೋಡಿದಳು, ನಾನು ಅವಳ ಮುಖ ನೋಡಿದೆ. ಆ ಬೆವರು, ಆ ಎದೆಬಡಿತ ನಮ್ಮಿಬ್ಬರಿಗೂ ಹಳೇ ನೆಂಟರು.

ರಾತ್ರಿ ಜಗಲಿಯ ಮೇಲೆ ನೀನು ನಿಜ ಹೇಳಿದೆ. ಹದಿನಾಲ್ಕು ತಿಂಗಳ ಹಿಂದೆ ಬೆಂಗಳೂರಿನಲ್ಲಿ ತೂಕ ಇಳಿಸುವ ಆಪರೇಷನ್ ಮಾಡಿಸಿಕೊಂಡದ್ದು, ಊರಿಗೆಲ್ಲ ಪಿತ್ತಕೋಶದ ಕಲ್ಲು ಅಂತ ಹೇಳಿಸಿದ್ದು, ಈಗ ಕೂದಲು ಉದುರಿದ್ದು, ಅಂಗಾಲು ಜುಮ್ಮೆನ್ನುತ್ತಿರುವುದು, ಎದ್ದರೆ ಕಣ್ಣು ಕತ್ತಲೆ ಬರುವುದು. ಕಡೆಗೆ ಕೇಳಿದೆ: ‘ತಪ್ಪು ಮಾಡಿಬಿಟ್ಟೆನಾ ದೊಡ್ಡಪ್ಪ?’ ಅಷ್ಟರಲ್ಲಿ ಯಾರೋ ಬಂದರು, ನೀನು ಮಾತು ಬದಲಾಯಿಸಿದೆ. ಉತ್ತರ ಬಾಕಿ ಉಳಿಯಿತು. ಫೋನಿನಲ್ಲಿ ಹೇಳುವಷ್ಟು ಚಿಕ್ಕದಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ನಿನಗೆ ಗೊತ್ತಿಲ್ಲದ ಒಂದು ವಿಷಯದಿಂದ ಶುರು ಮಾಡುತ್ತೇನೆ. ನನ್ನ ಹೊಟ್ಟೆಯೂ ಪೂರ್ತಿ ಇಲ್ಲ. 1979ರಲ್ಲಿ, ನನಗಾಗ ಇಪ್ಪತ್ತಾರು ವರ್ಷ, ರೇಷ್ಮೆ ಇಲಾಖೆಗೆ ಸೇರಿ ಮೂರು ವರ್ಷವಾಗಿತ್ತು. ಅಲ್ಸರ್ ಬಂತು. ಹೊಟ್ಟೆಯಿಂದ ಕರುಳಿಗೆ ಹೋಗುವ ಬಾಯಿ ಹುಣ್ಣಾಗಿ ಹುಣ್ಣಾಗಿ ಕಟ್ಟಿಕೊಂಡು, ಬೆಳಗ್ಗೆ ಉಂಡದ್ದು ಸಂಜೆಗೆ ವಾಂತಿಯಾಗುತ್ತಿತ್ತು. ಬೇರಿಯಂ ಕುಡಿಸಿ ಎಕ್ಸ್‌ರೇ ತೆಗೆದರು. ಬೆಂಗಳೂರಿನ ಆಸ್ಪತ್ರೆಯೊಂದರಲ್ಲಿ ಹೊಟ್ಟೆಯ ಮೂರರಲ್ಲಿ ಎರಡು ಪಾಲು ಕತ್ತರಿಸಿ ತೆಗೆದು, ಉಳಿದದ್ದನ್ನು ಸಣ್ಣ ಕರುಳಿಗೆ ಹೊಲಿದರು. ಆಗ ನಮ್ಮ ಕಡೆ ಇಂಥ ಹೊಟ್ಟೆಗಳು ಅಪರೂಪವೇನಲ್ಲ. ಆಮೇಲೆ ನೋಡು, 1982ರಲ್ಲಿ ಆಸ್ಟ್ರೇಲಿಯಾದ ಪರ್ತ್ ಊರಿನ ಬ್ಯಾರಿ ಮಾರ್ಷಲ್, ರಾಬಿನ್ ವಾರೆನ್ ಎಂಬ ಇಬ್ಬರು ಡಾಕ್ಟರು ಆ ಹುಣ್ಣಿನ ಹಿಂದೆ ಒಂದು ಬ್ಯಾಕ್ಟೀರಿಯಾ ಇದೆ ಅಂತ ಪತ್ತೆ ಮಾಡಿದರು. 2005ರಲ್ಲಿ ಅವರಿಗೆ ನೊಬೆಲ್ ಬಂತು. ಈಗ ಎರಡು ವಾರದ ಮಾತ್ರೆಗೆ ವಾಸಿಯಾಗುತ್ತದಂತೆ. ನನ್ನ ಹೊಟ್ಟೆ ಸ್ವಲ್ಪ ಅವಸರ ಮಾಡಿತು.

ಇದನ್ನೇಕೆ ಹೇಳಿದೆ ಅಂದರೆ, ನಿನ್ನ ಆಪರೇಷನ್ ಹುಟ್ಟಿದ್ದೇ ನನ್ನಂಥವರ ಹೊಟ್ಟೆಯಿಂದ. ಅಮೆರಿಕದ ಅಯೋವಾ ವಿಶ್ವವಿದ್ಯಾಲಯದಲ್ಲಿ ಎಡ್ವರ್ಡ್ ಮೇಸನ್ ಎಂಬ ಸರ್ಜನ್ ಇದ್ದರು. ಅಲ್ಸರಿಗೆ ಹೊಟ್ಟೆ ಕತ್ತರಿಸಿಕೊಂಡವರು ಸಣ್ಣಗಾಗುತ್ತಾರೆ, ಮತ್ತೆ ಮೈ ತುಂಬಿಕೊಳ್ಳುವುದು ಕಷ್ಟ ಎಂಬುದು ಅವರ ಕಣ್ಣಿಗೆ ಬಿತ್ತು. ಹಾಗಾದರೆ ವಿಪರೀತ ದಪ್ಪ ಇರುವವರಿಗೆ ಇದನ್ನೇ ಚಿಕಿತ್ಸೆಯಾಗಿ ಯಾಕೆ ಮಾಡಬಾರದು ಅಂತ 1966ರಲ್ಲಿ ಬೈಪಾಸ್ ಆಪರೇಷನ್ ಶುರು ಮಾಡಿದರು. ನಿನಗೆ ಮಾಡಿರುವುದು ಅದರ ಮೊಮ್ಮಗ. ಕೋಳಿಮೊಟ್ಟೆಯಷ್ಟು ಹೊಟ್ಟೆ ಉಳಿಸಿ, ಅದನ್ನು ಸಣ್ಣ ಕರುಳಿಗೆ ಜೋಡಿಸಿದ್ದಾರೆ. ನನ್ನದಕ್ಕೂ ನಿನ್ನದಕ್ಕೂ ಹೊರಗೆ ಕಾಣುವ ವ್ಯತ್ಯಾಸ ಗಾಯದಲ್ಲಿ: ನನಗೆ ಎದೆಯಿಂದ ಹೊಕ್ಕುಳವರೆಗೆ ಗೇಣುದ್ದ, ನಿನಗೆ ಐದಾರು ಚುಕ್ಕಿ.

ಇನ್ನೊಂದು ವ್ಯತ್ಯಾಸ ಇದೆ. ನನಗೆ ಆಪರೇಷನ್ ಆದಾಗ ಊರಿಗೆ ಊರೇ ಎಳನೀರು, ಬ್ರೆಡ್ಡು, ಹಾರ್ಲಿಕ್ಸ್ ಹಿಡಿದುಕೊಂಡು ಬಂತು. ‘ಪಾಪ, ಸಣ್ಣ ವಯಸ್ಸು’ ಅಂದರು. ನಿನಗೆ ಗೊತ್ತಾದರೆ ‘ಶೋಕಿ’ ಅನ್ನುತ್ತಾರೆ ಅಂತ ನೀನು ಹೆದರಿ ಪಿತ್ತಕೋಶದ ಕಥೆ ಕಟ್ಟಿದೆ. ಒಂದೇ ಹೊಟ್ಟೆ, ಒಂದೇ ಹೊಲಿಗೆ, ಒಬ್ಬರಿಗೆ ಕನಿಕರ, ಒಬ್ಬರಿಗೆ ಕೊಂಕು. 2011ರಲ್ಲಿ ನಿತಿನ್ ಗಡ್ಕರಿ ಮುಂಬೈನಲ್ಲಿ ತೂಕ ಇಳಿಸುವ ಆಪರೇಷನ್ ಮಾಡಿಸಿಕೊಂಡಾಗ ಪೇಪರಿನಲ್ಲಿ ಬಂತು. ನಮ್ಮ ಅರಳಿಕಟ್ಟೆಯಲ್ಲಿ ಯಾರೂ ಶೋಕಿ ಅನ್ನಲಿಲ್ಲ, ‘ಒಳ್ಳೇದಾಯ್ತು, ಶುಗರ್ ಇತ್ತಂತೆ’ ಅಂದರು. ಹೆಣ್ಣುಮಗಳಾದರೆ ಶುಗರ್ ಲೆಕ್ಕಕ್ಕೇ ಬರುವುದಿಲ್ಲ. ನಿಮ್ಮಮ್ಮನ ಹೆದರಿಕೆ ಮಾತ್ರ ಬೇರೆ. 2022ರ ಮೇ ತಿಂಗಳಲ್ಲಿ ಬೆಂಗಳೂರಿನಲ್ಲಿ ಕಿರುತೆರೆಯ ಚೇತನಾ ರಾಜ್, ಇಪ್ಪತ್ತೊಂದರ ಹುಡುಗಿ, ಕೊಬ್ಬು ತೆಗೆಸಲು ಹೋಗಿ ತೀರಿಕೊಂಡಳಲ್ಲ, ಟೀವಿಯಲ್ಲಿ ದಿನವಿಡೀ ಅದನ್ನೇ ತೋರಿಸಿದ್ದರು. ಅದು ನಿಮ್ಮಮ್ಮನ ತಲೆಯಲ್ಲಿ ಕೂತಿದೆ. ಅದು ಮೈಯ ಆಕಾರಕ್ಕೆ ಕೊಬ್ಬು ತೆಗೆಸುವ ಚಿಕಿತ್ಸೆ, ನಿನ್ನದು ಹೊಟ್ಟೆಯ ಹಾದಿಯನ್ನೇ ಬದಲಾಯಿಸುವುದು, ಎರಡೂ ಒಂದಲ್ಲ ಅಂತ ನಾನು ಅವಳಿಗೆ ಬಿಡಿಸಿ ಹೇಳಿದ್ದೇನೆ. ಅರ್ಧ ಒಪ್ಪಿದ್ದಾಳೆ.

ಹಾಗಾದರೆ ತಪ್ಪು ಮಾಡಿದೆಯಾ? ಮೂವತ್ತೊಂದು ವರ್ಷಕ್ಕೆ ನೂರ ಹದಿನೆಂಟು ಕೆ.ಜಿ., ಶುಗರಿಗೆ ಎರಡು ಮಾತ್ರೆ, ಬಿ.ಪಿ.ಗೆ ಒಂದು, ರಾತ್ರಿ ಗೊರಕೆಯಲ್ಲಿ ಉಸಿರು ಕಟ್ಟುವುದು. ಆ ಮೂರು ಮಾತ್ರೆ ಇವತ್ತು ನಿಂತಿವೆ ಅಂದೆ. ನಿಂತದ್ದು ಸುಳ್ಳಲ್ಲ. ಹೊಸದಾಗಿ ಬಂದದ್ದೂ ಸುಳ್ಳಲ್ಲ. ಬಂದದ್ದಕ್ಕೆಲ್ಲ ಹೆಸರಿದೆ, ಬಹುಪಾಲಕ್ಕೆ ಮದ್ದೂ ಇದೆ. ನಾನು ಸಿಟ್ಟಾಗುವುದು ಒಂದಕ್ಕೇ. ಆರು ತಿಂಗಳಾದ ಮೇಲೆ ‘ಚೆನ್ನಾಗೇ ಇದ್ದೀನಲ್ಲ’ ಅಂತ ಆಪರೇಷನ್ ಆದ ಮೇಲೆ ಕೊಟ್ಟಿದ್ದ ಮಾತ್ರೆ ಬಿಟ್ಟೆ, ಡಾಕ್ಟರ ಹತ್ತಿರ ಹೋಗುವುದನ್ನೂ ಬಿಟ್ಟೆ. ಅದೊಂದು ತಪ್ಪು. ನಾನೂ ಅದನ್ನೇ ಮಾಡಿದ್ದೆ, ಹಾಗಾಗಿ ಬೈಯುವ ಅಧಿಕಾರ ಪೂರ್ತಿ ಇಲ್ಲ.

ಪಾನಕದ ವಿಷಯ ಮೊದಲು ಮುಗಿಸುತ್ತೇನೆ. ಪೂರ್ತಿ ಹೊಟ್ಟೆ ಇದ್ದವರಿಗೆ ಅದರ ಬುಡದಲ್ಲಿ ಒಂದು ತೂಬು ಇರುತ್ತದೆ, ಕೆರೆಗೆ ಇದ್ದ ಹಾಗೆ. ಸ್ವಲ್ಪ ಸ್ವಲ್ಪವೇ ಕೆಳಗೆ ಬಿಡುತ್ತದೆ. ನಿನ್ನದರಲ್ಲಿ ಊಟ ಈಗ ಆ ತೂಬಿನ ಹಾದಿಯಲ್ಲಿ ಹೋಗುವುದಿಲ್ಲ, ನನ್ನದರಲ್ಲಿ ತೂಬೇ ಇಲ್ಲ. ಸಿಹಿ ನೀರು ಸೀದಾ ಕರುಳಿಗೆ ನುಗ್ಗುತ್ತದೆ. ಕರುಳು ಅದನ್ನು ತೆಳು ಮಾಡಲು ಮೈಯಲ್ಲಿನ ನೀರನ್ನು ಎಳೆದುಕೊಳ್ಳುತ್ತದೆ. ಅದಕ್ಕೇ ಬೆವರು, ಎದೆಬಡಿತ, ಹೊಟ್ಟೆ ನುಲಿತ, ಭೇದಿ. ಡಾಕ್ಟರುಗಳು ಡಂಪಿಂಗ್ ಅನ್ನುತ್ತಾರೆ. ಇನ್ನೊಂದು ಬಗೆಯೂ ಉಂಟು. ಸಿಹಿ ತಿಂದು ಒಂದರಿಂದ ಮೂರು ಗಂಟೆ ಬಿಟ್ಟು ಕೈ ನಡುಗುವುದು, ತಲೆ ಖಾಲಿಯಾದ ಹಾಗಾಗುವುದು, ಕಣ್ಣು ಮಂಜಾಗುವುದು. ಸಕ್ಕರೆ ಒಮ್ಮೆಲೇ ಏರಿದ್ದಕ್ಕೆ ಇನ್ಸುಲಿನ್ ಅತಿಯಾಗಿ ಬಂದು, ರಕ್ತದ ಸಕ್ಕರೆ ಕುಸಿದಿರುತ್ತದೆ. ಆಗ ಒಂದು ಚಮಚ ಸಕ್ಕರೆ ಬಾಯಿಗೆ ಹಾಕಿಕೊಳ್ಳಬೇಕು, ನಿಜ. ಆದರೆ ಅದರ ಹಿಂದೆಯೇ ಒಂದು ಮೊಟ್ಟೆಯೋ ಹಿಡಿ ಕಡಲೆಬೀಜವೋ ಹೋಗಬೇಕು. ಇಲ್ಲದಿದ್ದರೆ ಏರುವುದು ಇಳಿಯುವುದು ದಿನವಿಡೀ ಉಯ್ಯಾಲೆಯಾಗುತ್ತದೆ. ಪದೇ ಪದೇ ಆದರೆ ಡಾಕ್ಟರಿಗೆ ಹೇಳಲೇಬೇಕು. ಗಾಡಿ ಓಡಿಸುವವಳು ನೀನು.

1981ರ ಯುಗಾದಿಯಲ್ಲಿ ನಾನು ಎರಡು ಒಬ್ಬಟ್ಟು, ಮೇಲೆ ಒಂದು ಬಟ್ಟಲು ಕಾಯಿಹಾಲು ಹಾಕಿಕೊಂಡು ಉಂಡು, ಇಪ್ಪತ್ತು ನಿಮಿಷಕ್ಕೆ ಕೊಟ್ಟಿಗೆಯ ಕಂಬ ಹಿಡಿದು ನಿಂತಿದ್ದೆ. ಮದುವೆಯಾಗಿ ಮೊದಲ ವರ್ಷ. ನಿಮ್ಮ ದೊಡ್ಡಮ್ಮ ತನ್ನ ಒಬ್ಬಟ್ಟಿನಲ್ಲಿ ಏನೋ ಬಿದ್ದಿದೆ ಅಂತ ಅತ್ತಿದ್ದಳು.

ಊಟದ ಬಗ್ಗೆ ಹೇಳುವಾಗ ನನಗೆ ಚಾಕಿ ಹುಳುವೇ ನೆನಪಿಗೆ ಬರುತ್ತದೆ, ಮೂವತ್ತು ವರ್ಷದ ಕಸುಬು ನೋಡು. ಮೊಟ್ಟೆಯಿಂದ ಹೊರಬಂದ ರೇಷ್ಮೆ ಹುಳಕ್ಕೆ ಬಲಿತ ಸೊಪ್ಪು ಹಾಕುವ ದಡ್ಡ ನಮ್ಮ ತಾಲ್ಲೂಕಿನಲ್ಲಿ ಯಾರೂ ಇಲ್ಲ. ಕುಡಿಯ ಎಳೆ ಎಲೆ ಆಯ್ದು, ಸಣ್ಣಗೆ ಹೆಚ್ಚಿ, ದಿನಕ್ಕೆ ಮೂರು ನಾಲ್ಕು ಸಲ ತಟ್ಟೆಯ ಮೇಲೆ ಉದುರಿಸುತ್ತೇವೆ. ಹುಳು ಜ್ವರಕ್ಕೆ, ಅಂದರೆ ಪೊರೆ ಬಿಡಲು, ಕೂತಾಗ ಸೊಪ್ಪೇ ಹಾಕುವುದಿಲ್ಲ. ನಾಲ್ಕನೇ ಜ್ವರ ಎದ್ದ ಹುಳು ಮಾತ್ರ ಕಡ್ಡಿ ಸಮೇತ ಹಾಕಿದರೂ ಚರಚರ ಅಂತ ಮುಗಿಸುತ್ತದೆ. ನಿನ್ನ ಹೊಟ್ಟೆ ಎರಡನೇ ಜ್ವರ ದಾಟಿ ಅಲ್ಲಿಗೇ ನಿಂತಿದೆ. ನೀನು ನಾಲ್ಕನೇ ಜ್ವರದ ಹುಳುವಿನ ಹಾಗೆ ತಿನ್ನಲು ಹೋದರೆ ವಾಂತಿಯಾಗದೆ ಇನ್ನೇನು?

ಅದರಲ್ಲೂ ಮುದ್ದೆ. ಮುದ್ದೆ ನುಂಗಬೇಕು, ಅಗಿಯಬಾರದು ಅಂತ ನಿನಗೆ ಕಲಿಸಿದವನು ನಾನೇ. ಅಗಿದು ತಿನ್ನುವ ಪೇಟೆ ನೆಂಟರನ್ನು ನೋಡಿ ನಕ್ಕವರು ನಾವು. ಆ ಪಾಠ ವಾಪಸ್ ತೆಗೆದುಕೊಂಡಿದ್ದೇನೆ. ಆಪರೇಷನ್ ಆದ ಮೂರನೇ ತಿಂಗಳು ನಾನು ಅಭ್ಯಾಸಬಲದಿಂದ ಒಂದು ತುತ್ತು ನುಂಗಿದೆ. ಎದೆಗೂಡಿನ ಹಿಂದೆ ಕಲ್ಲು ಸಿಕ್ಕಿಕೊಂಡ ಹಾಗೆ ನಿಂತಿತು. ಬಾಯಲ್ಲಿ ಜೊಲ್ಲು ಸುರಿಯುತ್ತಿತ್ತು, ನೀರೂ ಇಳಿಯಲಿಲ್ಲ. ವಾಂತಿಯಾಗುವ ತನಕ ಮುಕ್ಕಾಲು ಗಂಟೆ. ಈಗ ನಿಂಬೆಹಣ್ಣಿನ ಗಾತ್ರದ ಮೆತ್ತನೆ ಮುದ್ದೆ, ಸಾರಿನಲ್ಲಿ ನೆನೆಸಿ, ಚೂರು ಚೂರು ಅಗಿದು ತಿನ್ನುತ್ತೇನೆ. ನೋಡಿದವರು ನಗಲಿ. ಊಟದ ಜೊತೆ ನೀರು ಕುಡಿಯಬೇಡ, ಅರ್ಧ ಗಂಟೆ ಬಿಟ್ಟು ಗುಟುಕು ಗುಟುಕಾಗಿ ಕುಡಿ. ದಿನಕ್ಕೆ ಎರಡು ಲೀಟರ್ ತಲುಪಲೇಬೇಕು, ಬೈಪಾಸ್ ಆದವರಿಗೆ ಮೂತ್ರಪಿಂಡದಲ್ಲಿ ಕಲ್ಲಾಗುವ ಸಂಭವ ಹೆಚ್ಚು.

ತಟ್ಟೆಯಲ್ಲಿ ಮೊದಲು ಬಾಯಿಗೆ ಹೋಗಬೇಕಾದ್ದು ಪ್ರೋಟೀನ್. ದಿನಕ್ಕೆ ಕಡಿಮೆ ಅಂದರೂ 60 ಗ್ರಾಂ ಅಂತ ಡಾಕ್ಟರುಗಳು ಹೇಳುತ್ತಾರೆ. ಕೂತು ಲೆಕ್ಕ ಹಾಕು. ಒಂದು ಕೋಳಿಮೊಟ್ಟೆಗೆ ಸುಮಾರು 6 ಗ್ರಾಂ. 100 ಮಿಲಿ ಹಾಲಿಗೆ 3. ಬೆಂದ ಕೋಳಿಮಾಂಸ 100 ಗ್ರಾಂ ತಿಂದರೆ 25ರ ಮೇಲೆ. 100 ಗ್ರಾಂ ಒಣ ಹುರುಳಿಕಾಳಿಗೆ 22, ಆದರೆ ನಿನ್ನ ಹೊಟ್ಟೆಗೆ ಒಂದು ಹೊತ್ತಿಗೆ ಅದರ ಕಾಲು ಭಾಗ ಹಿಡಿಸಿದರೆ ಹೆಚ್ಚು. ನಮ್ಮವರು ಬಸ್ಸಾರಿನ ತಿಳಿ ಕುಡಿಸಿ ‘ಹುರುಳಿಯಲ್ಲಿ ಕುದುರೆಯ ಶಕ್ತಿ’ ಅನ್ನುತ್ತಾರೆ. ಶಕ್ತಿ ಇರುವುದು ಬಸಿದು ಪಲ್ಯ ಮಾಡಿದ ಕಾಳಿನಲ್ಲಿ, ತಿಳಿಯಲ್ಲಿ ಅಲ್ಲ. ಕಾಳು ತಿನ್ನು. ನಿನ್ನ ಕೂದಲು ಉದುರಿದ್ದು ಅರ್ಧ ಈ ಲೆಕ್ಕ ತಪ್ಪಿದ್ದಕ್ಕೆ, ಇನ್ನರ್ಧ ತೂಕ ಬೇಗ ಇಳಿದ ಆಘಾತಕ್ಕೆ. ಸಾಮಾನ್ಯವಾಗಿ ಮೂರನೇ ತಿಂಗಳಿಗೆ ಶುರುವಾಗಿ, ವರ್ಷ ತುಂಬುವ ಹೊತ್ತಿಗೆ ಮತ್ತೆ ಹುಟ್ಟುತ್ತದೆ. ಹದಿನಾಲ್ಕು ತಿಂಗಳಾದರೂ ನಿಂತಿಲ್ಲ ಅಂದರೆ ಕಬ್ಬಿಣ, ಸತು, ಥೈರಾಯ್ಡ್ ನೋಡಿಸಬೇಕು. ಎಣ್ಣೆಗೆ ದುಡ್ಡು ಸುರಿಯಬೇಡ.

ಈಗ ಅಂಗಾಲಿಗೆ ಬರುತ್ತೇನೆ. ನನಗೆ ನಿಜವಾಗಿ ಹೆದರಿಕೆಯಾದದ್ದು ನೀನು ಅದನ್ನು ಹೇಳಿದಾಗ.

1986ರಲ್ಲಿ ಒಂದು ಸಂಜೆ ಮುಳಬಾಗಿಲಿನಿಂದ ಬಸ್ಸಿಳಿದು ಮನೆಗೆ ನಡೆದು ಬಂದೆ. ಬಾಗಿಲಲ್ಲಿ ನಿಮ್ಮ ದೊಡ್ಡಮ್ಮ ‘ಒಂದು ಕಾಲಿನ ಚಪ್ಪಲಿ ಎಲ್ಲಿ?’ ಅಂದಳು. ನೋಡಿಕೊಂಡರೆ ಎಡಗಾಲು ಬರಿಗಾಲು. ಚಪ್ಪಲಿ ಕಳಚಿದ್ದು ಯಾವಾಗ, ಎಲ್ಲಿ, ಒಂದೂ ಗೊತ್ತಾಗಿರಲಿಲ್ಲ. ಅಂಗಾಲಲ್ಲಿ ಜಾಲಿಮುಳ್ಳು ಮುರಿದು ಕೂತಿತ್ತು, ಅದೂ ಗೊತ್ತಾಗಿರಲಿಲ್ಲ. ಅದಕ್ಕೂ ಮುಂಚೆ ಎರಡು ವರ್ಷದಿಂದ ಕಾಲು ಜುಮ್ಮೆನ್ನುತ್ತಿತ್ತು, ನಾಲಿಗೆ ಕೆಂಪಾಗಿ ಉರಿಯುತ್ತಿತ್ತು. ಯಾರನ್ನು ಕೇಳಿದರೂ ಒಂದೇ ಉತ್ತರ: ಬೋರ್‌ವೆಲ್ಲಿನ ಫ್ಲೋರೈಡ್ ನೀರು. ನಮ್ಮ ಜಿಲ್ಲೆಯ ನೀರಿನಲ್ಲಿ ಫ್ಲೋರೈಡ್ ಇರುವುದು ನಿಜವೇ, ಅದರಿಂದ ಹಲ್ಲು ಮೂಳೆ ಕೆಟ್ಟವರನ್ನು ದಿನಾ ನೋಡುತ್ತೇವೆ. ಅದಕ್ಕೇ ಬೇರೆ ಕಾಲುನೋವುಗಳೆಲ್ಲ ಅದರ ಸೆರಗಿನಲ್ಲಿ ಅಡಗಿಕೊಳ್ಳುತ್ತವೆ. ನನ್ನದು ಬಿ12 ಕೊರತೆ. ಅದನ್ನು ರಕ್ತಕ್ಕೆ ಸೇರಿಸಿಕೊಳ್ಳಲು ಬೇಕಾದ ಒಂದು ವಸ್ತು ತಯಾರಾಗುವುದೇ ಹೊಟ್ಟೆಯ ಗೋಡೆಯಲ್ಲಿ. ಗೋಡೆಯನ್ನು ಕತ್ತರಿಸಿಯೋ, ಊಟದ ಹಾದಿಯಿಂದ ಬದಿಗೆ ಸರಿಸಿಯೋ ಬಿಟ್ಟರೆ ಎಷ್ಟು ಹಾಲು ಮೊಟ್ಟೆ ತಿಂದರೂ ಸಾಲುವುದಿಲ್ಲ. ಪಿತ್ತಜನಕಾಂಗದ ಕಣಜದಲ್ಲಿ ವರ್ಷಗಟ್ಟಲೆ ದಾಸ್ತಾನು ಇರುತ್ತದಾದ್ದರಿಂದ ಕೊರತೆ ತಡವಾಗಿ ಕಾಣುತ್ತದೆ. ಆಪರೇಷನ್ ಮಾಡಿದವರು ಇದನ್ನು ನನಗೆ ಹೇಳಿರಲಿಲ್ಲ, ಅಥವಾ ಹೇಳಿದ್ದು ನನ್ನ ತಲೆಗೆ ಹೋಗಿರಲಿಲ್ಲ.

ಅವತ್ತಿನಿಂದ ತಿಂಗಳಿಗೊಂದು ಕೆಂಪು ಸೂಜಿ. ಊರವರು ‘ಶಕ್ತಿ ಸೂಜಿ’ ಅನ್ನುತ್ತಾರೆ. ಲೆಕ್ಕ ಹಾಕಿದರೆ ನಾನೂರು ದಾಟಿರಬೇಕು. ಆದರೂ ಎಡಗಾಲಿನ ಎರಡು ಬೆರಳು ಇವತ್ತಿಗೂ ನನ್ನವಲ್ಲ. ನರ ಒಮ್ಮೆ ಒಣಗಿದರೆ ಪೂರ್ತಿ ಚಿಗುರುವುದಿಲ್ಲ ಅಮ್ಮಣ್ಣಿ. ನಿನಗೆ ಹದಿನಾಲ್ಕು ತಿಂಗಳಿಗೇ ಜುಮ್ಮೆನ್ನುತ್ತಿದೆ ಅಂದರೆ ಆಪರೇಷನ್ನಿಗೆ ಮುಂಚೆಯೇ ಕಣಜ ಬರಿದಾಗಿತ್ತೋ, ಬಿ1 ಕಮ್ಮಿಯೋ, ತಾಮ್ರ ಕಮ್ಮಿಯೋ, ರಕ್ತವೇ ಹೇಳಬೇಕು. ತಿಂಗಳುಗಟ್ಟಲೆ ಕಾಯುವ ಮಾತಲ್ಲ, ಈ ವಾರವೇ ಹೋಗು.

ಮಾತ್ರೆಗಳು ಇನ್ನು ಜನ್ಮಪೂರ್ತಿ. ಕಬ್ಬಿಣದ ಮಾತ್ರೆಯನ್ನೂ ಕ್ಯಾಲ್ಸಿಯಂ ಮಾತ್ರೆಯನ್ನೂ ಒಟ್ಟಿಗೆ ನುಂಗಬೇಡ, ಒಂದು ಇನ್ನೊಂದನ್ನು ಒಳಗೆ ಬಿಡುವುದಿಲ್ಲ. ಎರಡು ಗಂಟೆಯ ಅಂತರ ಇರಲಿ. ಕಬ್ಬಿಣದ ಹತ್ತಿರಕ್ಕೆ ಕಾಫಿ ಟೀ ಬರಬಾರದು. ಕ್ಯಾಲ್ಸಿಯಂನಲ್ಲಿ ಸಿಟ್ರೇಟ್ ಅಂತ ಇರುವುದನ್ನು ಕೇಳಿ ತೆಗೆದುಕೋ. ಇನ್ನೊಂದು ಬಗೆಯದು, ಕಾರ್ಬೊನೇಟ್, ಕರಗಲು ಹೊಟ್ಟೆಯ ಆಮ್ಲ ಬೇಕು, ನಮ್ಮಲ್ಲಿ ಅದು ಕಮ್ಮಿ. ‘ರಾಗಿ ತಿನ್ನುವವರಿಗೆ ಯಾಕಮ್ಮಾ ಕ್ಯಾಲ್ಸಿಯಂ?’ ಅಂತ ಯಾರಾದರೂ ಕೇಳುತ್ತಾರೆ. 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಇದೆ, ನಿನಗೆ ಬೇಕಾದದ್ದು ದಿನಕ್ಕೆ 1200ರಿಂದ 1500. ನಿಂಬೆಹಣ್ಣಿನಷ್ಟು ಮುದ್ದೆಯಲ್ಲಿ ಎಷ್ಟು ಬಂದೀತು?

ಇನ್ನು ಮೂರು ಮಾತು, ಇವು ಪ್ರಾಣದ ಮಾತು. ಇವನ್ನು ಹಾಸ್ಯ ಮಾಡಿ ಹೇಳಲು ನನಗೆ ಬರುವುದಿಲ್ಲ.

ನಾಲ್ಕು ದಿನ ವಾಂತಿ ನಿಲ್ಲದೆ ಸುಸ್ತಾದರೆ ನಮ್ಮ ಕಡೆ ಮೊದಲು ಮಾಡುವ ಕೆಲಸ ‘ಒಂದು ಬಾಟ್ಲಿ ಹಾಕಿಸು’. ಗ್ಲೂಕೋಸ್ ಬಾಟ್ಲಿ. ನಿನ್ನಂಥವರಿಗೆ ವಾಂತಿಯಲ್ಲಿ ಬಿ1, ಅಂದರೆ ಥಯಾಮಿನ್, ಬೇಗ ಬರಿದಾಗುತ್ತದೆ. ಅದು ಬರಿದಾದ ಮೈಗೆ ಬರೀ ಗ್ಲೂಕೋಸ್ ಏರಿಸಿದರೆ ಮಿದುಳಿಗೇ ಪೆಟ್ಟು ಬೀಳಬಹುದು. ನಡಿಗೆ ತೂರಾಡುತ್ತದೆ, ಒಂದು ಎರಡಾಗಿ ಕಾಣುತ್ತದೆ, ಮಾತು ಹಳಿ ತಪ್ಪುತ್ತದೆ. ಥಯಾಮಿನ್ ಸೂಜಿ ಮೊದಲು, ಗ್ಲೂಕೋಸ್ ಆಮೇಲೆ. ಇದನ್ನು ಒಂದು ಚೀಟಿಯಲ್ಲಿ ಬರೆದು ಪರ್ಸಿನಲ್ಲಿ ಇಟ್ಟುಕೋ. ನೀನು ಮಾತಾಡಲಾಗದ ಸ್ಥಿತಿಯಲ್ಲಿದ್ದರೆ ಆ ಚೀಟಿ ಮಾತಾಡಲಿ.

ಎರಡನೆಯದು ನೋವಿನ ಮಾತ್ರೆ. ಮಂಡಿ ನೋವು, ತಲೆನೋವು ಅಂದ ತಕ್ಷಣ ಮೆಡಿಕಲ್ ಶಾಪಿನವನು ಡೈಕ್ಲೋಫೆನಾಕೋ ಐಬುಪ್ರೊಫೆನ್ನೋ ಕೊಡುತ್ತಾನೆ. ಬೈಪಾಸ್ ಆದವರಿಗೆ ಹೊಟ್ಟೆ ಕರುಳು ಸೇರಿಸಿದ ಹೊಲಿಗೆಯ ಜಾಗದಲ್ಲಿ ಅದು ಹುಣ್ಣು ಮಾಡುತ್ತದೆ. ಸಿಗರೇಟೂ ಅಷ್ಟೇ. ಪ್ಯಾರಸಿಟಮಾಲ್ ಸಾಕು, ಅದಕ್ಕೆ ಬಗ್ಗದ ನೋವಾದರೆ ಡಾಕ್ಟರನ್ನು ಕೇಳು. ಮದ್ಯದ ವಿಷಯ ನಾನು ಕೇಳುವುದಿಲ್ಲ, ನೀನು ಹೇಳುವುದೂ ಬೇಡ. ಒಂದು ಮಾತ್ರ ತಿಳಿದಿರಲಿ: ಈ ಹೊಟ್ಟೆಯಲ್ಲಿ ಅದು ಬೇಗ ಏರುತ್ತದೆ, ಮೊದಲಿನ ಅಳತೆ ನಡೆಯುವುದಿಲ್ಲ. ಊಟದ ಚಟ ಹೋದ ಜಾಗಕ್ಕೆ ಅದು ಬಂದು ಕೂತವರೂ ಇದ್ದಾರೆ.

ಮೂರನೆಯದು ಹೊಟ್ಟೆನೋವು. ಬಲಪಕ್ಕೆಯಲ್ಲಿ, ಉಂಡ ಮೇಲೆ ಬಂದು ಹೋಗುವ ನೋವಾದರೆ ಪಿತ್ತಕೋಶದ ಕಲ್ಲಿರಬಹುದು. ತೂಕ ಸರಸರನೆ ಇಳಿದವರಿಗೆ ಅದು ಹೆಚ್ಚು. ನೋಡು, ಊರಿಗೆ ಹೇಳಿದ ಸುಳ್ಳು ನಿಜವೇ ಆಗಿಬಿಡಬಹುದು! ಆದರೆ ನುಲಿಯುವ ನೋವು ಬಂದು, ಬಿಡದೆ, ಜೊತೆಗೆ ವಾಂತಿ, ಗಾಳಿಯೂ ಹೋಗದಿದ್ದರೆ ಅದು ಕರುಳು ಸಿಕ್ಕಿಕೊಂಡದ್ದು ಇರಬಹುದು. ಆಪರೇಷನ್ ಆಗಿ ಎಷ್ಟೋ ವರ್ಷದ ಮೇಲೂ ಬರುತ್ತದೆ. ಎಲ್ವಿಸ್ ಪ್ರೀಸ್ಲಿ ಅಂತ ಹಾಡುಗಾರನಿದ್ದನಲ್ಲ, ಅವನ ಮಗಳು ಲೀಸಾ ಮೇರಿ 2023ರ ಜನವರಿಯಲ್ಲಿ ತೀರಿಕೊಂಡಳು, ಐವತ್ತನಾಲ್ಕು ವರ್ಷ. ವರ್ಷಗಳ ಹಿಂದೆ ಮಾಡಿಸಿದ್ದ ತೂಕದ ಆಪರೇಷನ್ನಿನ ಗಾಯ ಒಳಗೆ ಅಂಟಿಕೊಂಡು ಸಣ್ಣ ಕರುಳು ಕಟ್ಟಿಕೊಂಡದ್ದೇ ಕಾರಣ ಅಂತ ಅಲ್ಲಿನ ಮರಣ ಪರೀಕ್ಷೆ ಹೇಳಿತು. ಅವತ್ತು ಬೆಳಗ್ಗೆ ಹೊಟ್ಟೆ ನೋವು ಅಂದಿದ್ದಳಂತೆ. ನಿನ್ನನ್ನು ಹೆದರಿಸಲು ಹೇಳಿದ್ದಲ್ಲ. ಅಂಥ ನೋವಿಗೆ ಗ್ಯಾಸ್ ಮಾತ್ರೆ ನುಂಗಿ ಬೆಳಗಾಗಲಿ ಅಂತ ಮಲಗಬೇಡ. ಸರ್ಜನ್ ಇರುವ, ಸ್ಕ್ಯಾನ್ ಇರುವ ಆಸ್ಪತ್ರೆಗೆ ಆ ರಾತ್ರಿಯೇ ಹೋಗು. ಆಪರೇಷನ್ ಮಾಡಿದವರು ಕೊಟ್ಟ ಡಿಸ್ಚಾರ್ಜ್ ಕಾಗದದ ಫೋಟೋ ನಿನ್ನ ಫೋನಿನಲ್ಲೂ ಇರಲಿ, ನಿನ್ನ ಗಂಡನ ಫೋನಿನಲ್ಲೂ ಇರಲಿ, ನನ್ನದರಲ್ಲೂ ಇರಲಿ.

ಈಗ ತಿಳಿಯಿತಾ, ಆ ಸುಳ್ಳು ನನಗೆ ಯಾಕೆ ಚುಚ್ಚುತ್ತದೆ ಅಂತ. ಊರಿಗೆ ಹೇಳು ಅಂತ ನಾನು ಹೇಳುವುದಿಲ್ಲ, ಊರಿಗೂ ನಿನ್ನ ಹೊಟ್ಟೆಗೂ ಸಂಬಂಧವಿಲ್ಲ. ಊರವರ ಬಾಯಿ ನಿನಗೆ ಗೊತ್ತೇ ಇದೆ. ದಪ್ಪ ಇದ್ದಾಗ ‘ಯಾವ ಅಂಗಡಿ ಅಕ್ಕಿ’ ಅಂದವರೇ ಈಗ ‘ಎಷ್ಟು ಸೊರಗಿದ್ದೀಯೇ, ಟಿ.ಬಿ. ಏನಾದ್ರೂ’ ಅನ್ನುತ್ತಾರೆ. ಆದರೆ ನಿನ್ನನ್ನು ಮುಟ್ಟುವ ಪ್ರತಿಯೊಬ್ಬ ಡಾಕ್ಟರಿಗೂ, ಹಲ್ಲಿನ ಡಾಕ್ಟರಿಗೂ ಸಹ, ಮೊದಲನೇ ಮಾತು ‘ನನಗೆ ಬೈಪಾಸ್ ಆಗಿದೆ’ ಅಂತಿರಬೇಕು. ಬರೀ ಬೈಪಾಸ್ ಅಂದರೆ ಹೃದಯದ್ದು ಅಂದುಕೊಳ್ಳುತ್ತಾರೆ. ಹೊಟ್ಟೆಯದು, ತೂಕಕ್ಕೆ ಮಾಡಿದ್ದು ಅಂತ ಬಿಡಿಸಿ ಹೇಳು.

ದೊಡ್ಡಮ್ಮ ಹೇಳಿ ಬರೆಸುತ್ತಿರುವ ಮಾತೊಂದಿದೆ, ನನಗೆ ಸಂಕೋಚ. ಜಾತ್ರೆಗೆ ಬಂದಾಗ ನೀನು ಸೀತಮ್ಮನ ಬೆಟ್ಟ ಹತ್ತಲು ಹಟ ಮಾಡಿ ಅರ್ಧದಲ್ಲೇ ಕೂತೆ. ಲವಕುಶರು ಹುಟ್ಟಿದ ಜಾಗ ಅಂತ ಮಕ್ಕಳ ಫಲಕ್ಕೆ ಹೆಣ್ಣುಮಕ್ಕಳು ಹರಕೆ ಹೊತ್ತು ಹತ್ತುವ ಬೆಟ್ಟ ಅದು. ನೀನು ಯಾಕೆ ಹತ್ತಲು ಹೊರಟಿದ್ದೆ ಅಂತ ಅವಳಿಗೆ ಗೊತ್ತು. ಪಿ.ಸಿ.ಓ.ಡಿ. ಇದ್ದವರಿಗೆ ತೂಕ ಇಳಿದ ಮೇಲೆ ಗರ್ಭ ನಿಲ್ಲುವುದು ಸುಲಭವಾಗುತ್ತದೆ, ಅದು ಸಂತೋಷದ ಸುದ್ದಿ. ಆದರೆ ಆಪರೇಷನ್ ಆಗಿ ಒಂದರಿಂದ ಒಂದೂವರೆ ವರ್ಷ ತಡೆಯಬೇಕು ಅನ್ನುತ್ತಾರೆ, ಮತ್ತು ನಿನ್ನ ರಕ್ತ ಮೊದಲು ಸರಿಹೋಗಬೇಕು. ತಡೆಯಲು ಬಾಯಲ್ಲಿ ನುಂಗುವ ಮಾತ್ರೆಯನ್ನೇ ನಂಬಬೇಡ, ಬೈಪಾಸ್ ಆದ ಮೈಗೆ ಅದು ಸರಿಯಾಗಿ ಹಿಡಿಯದಿರಬಹುದು. ಬೇರೆ ದಾರಿ ಡಾಕ್ಟರಮ್ಮನನ್ನು ಕೇಳು. ಮುಂದೆ ಬಸುರಿಯಾದಾಗ ಶುಗರ್ ನೋಡಲು ಗ್ಲೂಕೋಸ್ ನೀರು ಕುಡಿಸುತ್ತಾರೆ. ಅದು ನಿನಗೆ ಜಾತ್ರೆಯ ಪಾನಕವೇ. ಬೇರೆ ರೀತಿ ನೋಡಿ ಅಂತ ಮೊದಲೇ ಹೇಳಬೇಕು. ಸೀತಮ್ಮ ಎಲ್ಲೂ ಹೋಗುವುದಿಲ್ಲ, ಸಾವಿರ ವರ್ಷದಿಂದ ನೊಳಂಬರ ಕಾಲದ ಗುಡಿಗಳನ್ನು ಕೆಳಗಿಟ್ಟುಕೊಂಡು ಅಲ್ಲೇ ಕೂತಿದ್ದಾಳೆ.

ಮನಸ್ಸಿನ ವಿಷಯ. ‘ಕನ್ನಡಿಯಲ್ಲಿ ಯಾರೋ ಬೇರೆಯವಳು ಕಾಣಿಸುತ್ತಾಳೆ, ತೋಳಿನ ಚರ್ಮ ಜೋಲುತ್ತದೆ, ಸುಮ್ಮಸುಮ್ಮನೆ ಅಳು ಬರುತ್ತದೆ’ ಅಂದೆ. ನನಗೆ ಆ ಕಾಲದಲ್ಲಿ ಇದಕ್ಕೆ ಪದವೇ ಇರಲಿಲ್ಲ. ಉಣ್ಣುವುದರಲ್ಲೇ ಸುಖ ಕಂಡವನಿಗೆ ಮದುವೆ ಮನೆ ಪಂಕ್ತಿಯಲ್ಲಿ ಮೂರು ತುತ್ತಿಗೆ ಎಲೆ ಮಡಿಸುವ ಕಷ್ಟ ಯಾರಿಗೆ ಹೇಳಲಿ? ಎರಡು ವರ್ಷ ಯಾವ ಮದುವೆಗೂ ಹೋಗಲಿಲ್ಲ. ನೀನು ಹಾಗೆ ಮಾಡಬೇಡ. ಅಳು ವಾರಗಟ್ಟಲೆ ನಿಲ್ಲದಿದ್ದರೆ, ಬದುಕು ಬೇಡ ಅನ್ನಿಸಿದರೆ, ಅದನ್ನೂ ಕಾಲಿನ ಜುಮ್ಮಿನ ಹಾಗೆಯೇ ಡಾಕ್ಟರಿಗೆ ಹೇಳಬೇಕು. ರಾತ್ರಿ ಎಷ್ಟು ಹೊತ್ತಾದರೂ 14416ಕ್ಕೆ ಫೋನ್ ಮಾಡಬಹುದು, ಸರ್ಕಾರದ ಟೆಲಿ ಮಾನಸ್, ಕನ್ನಡದಲ್ಲೇ ಮಾತಾಡುತ್ತಾರೆ. ಅದಕ್ಕೂ ಮುಂಚೆ ನನಗೆ ಮಾಡು. ಈ ವಯಸ್ಸಿಗೆ ನನಗೆ ನಿದ್ದೆ ಹೇಗೂ ಇಲ್ಲ.

ಸೋಮವಾರ ಬೆಳಗ್ಗೆ ರಕ್ತ ಕೊಟ್ಟು ಬಾ. ಹಿಮೋಗ್ಲೋಬಿನ್, ಫೆರಿಟಿನ್, ಬಿ12, ವಿಟಮಿನ್ ಡಿ, ಕ್ಯಾಲ್ಸಿಯಂ, ಪಿ.ಟಿ.ಎಚ್. ಇಷ್ಟಂತೂ ಇರಲಿ. ಕಾಲಿನ ವಿಷಯ ಹೇಳಿದರೆ ಡಾಕ್ಟರು ಇನ್ನೆರಡು ಸೇರಿಸುತ್ತಾರೆ. ರಿಪೋರ್ಟಿನ ಫೋಟೋ ಕಳಿಸು, ನನ್ನ ಕನ್ನಡಕದ ಲೆಕ್ಕದಲ್ಲಿ ದೊಡ್ಡದಾಗಿ ಕಳಿಸು. ಕಾಗದಗಳನ್ನೆಲ್ಲ ಒಂದೇ ಫೈಲಿಗೆ ಹಾಕು, ನನ್ನ ಹಾಗೆ ಪಂಚಾಂಗದೊಳಗೆ ತುರುಕಬೇಡ.

ಯುಗಾದಿಗೆ ಬರುತ್ತೀಯಲ್ಲ, ನಾನು 1979ರಿಂದ ಉಣ್ಣುವ ಸಣ್ಣ ತಟ್ಟೆಯಂಥದ್ದೇ ಇನ್ನೊಂದನ್ನು ದೊಡ್ಡಮ್ಮ ಮುಳಬಾಗಿಲಿನಿಂದ ತಂದಿಟ್ಟಿದ್ದಾಳೆ. ನಿಮ್ಮಮ್ಮನ ಹತ್ತಿರ ನಾನೇ ಮಾತಾಡಿದ್ದೇನೆ, ‘ಇನ್ನೊಂದು ತುತ್ತು’ ಅಂತ ಈ ಸಲ ಯಾರೂ ಬಲವಂತ ಮಾಡುವುದಿಲ್ಲ. ಒಬ್ಬಟ್ಟಿನ ವಿಷಯ ಮಾತ್ರ ಇನ್ನೂ ತೀರ್ಮಾನ ಆಗಿಲ್ಲ. ಇಬ್ಬರಿಗೂ ಸೇರಿ ಕಾಲು ಒಬ್ಬಟ್ಟು, ಅದೂ ಊಟದ ಕಡೆಗೆ, ಹಾಲಿಲ್ಲದೆ ಅನ್ನುತ್ತಾಳೆ ಅವಳು. ತಲೆಗೆ ಕಾಲು ಅಂತ ನಾನು ಚೌಕಾಸಿ ಮಾಡುತ್ತಿದ್ದೇನೆ.

ನಿನ್ನ ದೊಡ್ಡಪ್ಪ,
ಆವನಿ